ಗಿರಿಯ ಮಕ್ಕಳು ಮತ್ತು ಮೊದಲ ಅಕ್ಷರ

ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಯ ದಾರಿ ಹಿಡಿದರೆ ಅತ್ತಿಗುಂಡಿ ಸಿಗುತ್ತದೆ. ಬಾಬಾಬುಡನ್ ಅವರು ಯೆಮನಿನಿಂದ ಏಳು ಕಾಫಿ ಬೀಜ ತಂದು ಬಿತ್ತಿದರೆಂದು ಜನ ನಂಬಿರುವ ಬೆಟ್ಟವಿದು. ಕಾಫಿಯ ಈ ಚರಿತ್ರೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಕಾಫಿ ಕೊಯ್ದವರ ಮಕ್ಕಳು ಅಕ್ಷರ ಕಲಿತ ಚರಿತ್ರೆಯೂ ಒಂದಿದೆ. ಅದರಲ್ಲೂ ಓದಲು ತಡವರಿಸಿದ ಮಕ್ಕಳ ಕೈಹಿಡಿದವರು ಯಾರು ಎಂಬುದನ್ನು ನಾವು ಕೇಳಿಕೊಂಡದ್ದು ಕಡಿಮೆ.

ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಹಿಂದೆ ಬಿದ್ದವನಿಗೆ ಬೆತ್ತವೇ ಮದ್ದು. ಆದರೂ ಅಂತಹ ಶಾಲೆಗಳಲ್ಲಿ ಒಂದು ಒಳ್ಳೆಯ ರೂಢಿಯಿತ್ತು: ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡುತ್ತಿದ್ದ. ಮದರಾಸಿನಲ್ಲಿ ಕೆಲಸ ಮಾಡಿದ್ದ ಆಂಡ್ರ್ಯೂ ಬೆಲ್, 1797ರಲ್ಲಿ ಪುಸ್ತಕ ಬರೆದು ಇಂತಹ ಕ್ರಮವನ್ನು ಇಂಗ್ಲೆಂಡಿಗೆ ಪರಿಚಯಿಸಿದರು. ನಮ್ಮಲ್ಲಿ ಮಾತ್ರ ಬೆತ್ತ ಉಳಿಯಿತು, ನೆರವು ಮರೆತುಹೋಯಿತು.

ತೋಟದ ಮಕ್ಕಳ ಪಾಲಿಗೆ ಮೊದಲು ಬಂದದ್ದು ಕಾನೂನು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಂತೆ, 50 ಅಥವಾ ಹೆಚ್ಚು ಹೆಣ್ಣಾಳುಗಳಿದ್ದ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕಿತ್ತು. ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ನ್ನು ಮೀರಿದರೆ ಅವರ ಶಿಕ್ಷಣಕ್ಕೆ ಮಾಲೀಕರು ಏರ್ಪಾಡು ಮಾಡುವಂತೆ ರಾಜ್ಯ ಸರಕಾರ ನಿಯಮ ರೂಪಿಸಬಹುದಿತ್ತು. 1975ರಲ್ಲಿ ಟಿ.ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಅಂಗನವಾಡಿ ಆರಂಭವಾಯಿತು. ಮಗುವಿಗೆ ನೆರಳು ಸಿಕ್ಕಿತು, ಊಟ ಸಿಕ್ಕಿತು. ಆದರೆ ಮಗು ಓದಲು ಏಕೆ ತಡವರಿಸುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಗೆ ತರಗತಿಯೊಳಗೇ ಉತ್ತರ ಹುಡುಕಿದ್ದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ-ಕಲಿ'. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವೇ ಅದಕ್ಕೆ ಪ್ರೇರಣೆ. ಅ, ಆ, ಇ, ಈ ಎಂದು ವರ್ಣಮಾಲೆಯನ್ನು ಉರು ಹೊಡೆಸುವ ಬದಲು ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳಿಂದ ಆರಂಭ. ಅಷ್ಟರಲ್ಲೇ ಮಗು 'ಸರ', 'ಅರಸ', 'ಗರಗಸ' ಎಂದು ಓದಿಬಿಡುತ್ತದೆ. ಕಲಿಕೆ ಏಣಿಯ ಮೆಟ್ಟಿಲುಗಳಂತೆ. ಕೊಯ್ಲಿನ ಕಾಲದಲ್ಲಿ ಶಾಲೆ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಒಂದು ಗುಂಪಿಗೆ ಶಿಕ್ಷಕರ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು. ಮರೆತಿದ್ದ ಹಳೆಯ ರೂಢಿ ಬೆತ್ತವಿಲ್ಲದೆ ಮರಳಿತು. 2009-10ರಿಂದ ಈ ಕ್ರಮ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು.

ಕನ್ನಡ ಓದುವುದು ಸುಲಭವೆಂದು ನಾವು ತಿಳಿದಿದ್ದೇವೆ. ಕಾಗುಣಿತವೇ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಬೆಂಗಳೂರಿನ ಸೊನಾಲಿ ನಾಗ್, ಅಕ್ಷರಗಳ ಕಲಿಕೆ ಮೂರು, ನಾಲ್ಕನೇ ತರಗತಿಯವರೆಗೂ ಸಾಗುತ್ತದೆಂದು 2007ರಲ್ಲಿ ತೋರಿಸಿಕೊಟ್ಟರು. ಹಾಗಿರುವಾಗ ಲೈನ್ ಮನೆಯಲ್ಲಿ ಉರ್ದು, ತಮಿಳು, ಬ್ಯಾರಿ ಅಥವಾ ತುಳು ಆಡುವ ಮಗುವಿನ ಪಾಡೇನು? ಬೆಳಿಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದಿದ ಮಗು ಶಾಲೆಗೆ ಬಂದು ಎಡದಿಂದ ಬಲಕ್ಕೆ ಓದಬೇಕು. ಅದು ಹೊರುವ ಭಾರ ಕಾಣದೆ 'ದಡ್ಡ' ಎಂದುಬಿಡುತ್ತೇವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಗುರುತಿಸಿದೆ. ತಡವರಿಸುವ ಮಕ್ಕಳೆಲ್ಲರಿಗೂ ಆ ನ್ಯೂನತೆ ಇರುವುದಿಲ್ಲ. ಹೆಚ್ಚಿನವರಿಗೆ ಬೇಕಾದದ್ದು ಮನೆಮಾತಿನಲ್ಲಿ ಅರ್ಥ ಹೇಳುವ ಒಬ್ಬರು, ದಿನಕ್ಕೆ ಅರ್ಧ ಗಂಟೆ, ಸ್ವಲ್ಪ ತಾಳ್ಮೆ. ನೆರವು ಕೊಟ್ಟ ಮೇಲೂ ಓದು ಕೈಗೂಡದಿದ್ದರೆ ತಜ್ಞರಿಗೆ ತೋರಿಸಬೇಕು.

ನರ್ಸರಿಯಲ್ಲಿ ಕಾಫಿ ಸಸಿ ಬಾಡಿದರೆ ಗಿರಿಯ ಜನ ಮೂರು ವರ್ಷ ಕಾದು ನೋಡುವುದಿಲ್ಲ. ಅಂದೇ ನೀರು, ನೆರಳು ನೋಡುತ್ತಾರೆ. ಒಂದನೇ ತರಗತಿಯ ಮಗುವನ್ನು ಮಾತ್ರ 'ಮುಂದೆ ಸರಿಹೋಗುತ್ತದೆ' ಎಂದು ಐದನೆಯದರವರೆಗೆ ದಾಟಿಸುತ್ತೇವೆ. ಅಷ್ಟರಲ್ಲಿ ಮಗು ತನ್ನನ್ನು ತಾನೇ ದಡ್ಡನೆಂದು ನಂಬಿ ಶಾಲೆ ಬಿಟ್ಟಿರುತ್ತದೆ. ಜಮಾಅತ್, ಸಂಘ, ಪಂಚಾಯತ್ ಯಾವುದೇ ಇರಲಿ, ಕೈಹಿಡಿಯಬೇಕಾದದ್ದು ಅದಕ್ಕೂ ಮೊದಲು.