ಎರೆಭೂಮಿಯ ಹತ್ತಿ, ಲ್ಯಾಂಕಾಷೈರಿನ ಗಿರಣಿ

ಕೈಗಾರಿಕಾ ಕ್ರಾಂತಿಯ ಪಾಠವನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿದೆ. ಉಗಿಯಂತ್ರ, ನೂಲುವ ಯಂತ್ರ, ಮ್ಯಾಂಚೆಸ್ಟರ್ ಇವನ್ನೆಲ್ಲ ನೀವು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವರೇ. ಆದರೆ ಆ ಪಾಠದೊಳಗೆ ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳೂ ಇದ್ದವೆಂಬುದನ್ನು ಪಠ್ಯಪುಸ್ತಕ ಹೇಳಲಿಲ್ಲ. ಈಚೆಗೆ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಕೇಳಿದರು: "ಸರ, ನಮ್ಮ ಅಜ್ಜಾರ ಕಾಲಾನ ಚಲೋ ಇತ್ತಲ್ರೀ? ಸಾಲ ಇರಲಿಲ್ಲ, ಕಲಬೆರಕಿ ಇರಲಿಲ್ಲ." ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರಿಸುವುದು ನ್ಯಾಯವಲ್ಲ. ಆದ್ದರಿಂದ ಈ ಬರಹ.

ಜೀವನಮಟ್ಟ ಎಂದರೇನು? ನನ್ನ ತಿಳಿವಳಿಕೆಯಲ್ಲಿ ಅದಕ್ಕೆ ನಾಲ್ಕು ಅಳತೆಗೋಲುಗಳು ಸಾಕು. ಹೊಟ್ಟೆಗೆ ಏನು ಸಿಕ್ಕಿತು, ಮೈಮೇಲೆ ಏನಿತ್ತು, ಹುಟ್ಟಿದ ಮಕ್ಕಳಲ್ಲಿ ಎಷ್ಟು ಉಳಿದವು, ಸಾಲಗಾರನ ಮುಂದೆ ಎಷ್ಟು ಸಲ ತಲೆ ತಗ್ಗಿಸಬೇಕಾಯಿತು. ಇವುಗಳಿಂದಲೇ ನಮ್ಮ ಸೀಮೆಯನ್ನು ಅಳೆದು ನೋಡೋಣ.

1824ರಲ್ಲಿ ಕಿತ್ತೂರು ಕಂಪನಿ ಸರಕಾರವನ್ನು ಎದುರಿಸಿದ ಕಥೆ ನಿಮಗೆ ಗೊತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿಯೇ ತೀರಿಕೊಂಡಳು. ಆ ಹೋರಾಟದ ಶೌರ್ಯವನ್ನು ನಾವು ನೆನೆಯುತ್ತೇವೆ. ಅದರ ಬಳಿಕ ಬಂದ ಬದಲಾವಣೆಯನ್ನು ಅಷ್ಟಾಗಿ ನೆನೆಯುವುದಿಲ್ಲ. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾಯಿತು. ಬೈಲಹೊಂಗಲವನ್ನು ಸಂಪಗಾವಿ ತಾಲೂಕೆಂದೂ ಸವದತ್ತಿಯನ್ನು ಪರಸಗಡ ತಾಲೂಕೆಂದೂ ಕಾಗದಪತ್ರಗಳಲ್ಲಿ ಬರೆಯುತ್ತಿದ್ದರು. ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನವಾಗಿ ಉಳಿಯಿತು. ಭೂಮಿಯನ್ನು ಅಳೆದು ಮೂವತ್ತು ವರ್ಷಗಳಿಗೆ ಕಂದಾಯ ಗೊತ್ತುಮಾಡುವ ಪದ್ಧತಿ ಬಂತು. ಕಂದಾಯವನ್ನು ರೊಕ್ಕದಲ್ಲಿಯೇ ಕಟ್ಟಬೇಕು. ರೊಕ್ಕ ತರುವ ಬೆಳೆ ಯಾವುದು? ಹತ್ತಿ.

ಅದೇ ಕಾಲಕ್ಕೆ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಹಸಿವು ಹೆಚ್ಚಿತ್ತು. 1840ರ ದಶಕದಿಂದ ಸರಕಾರವು ಧಾರವಾಡ ಸೀಮೆಯಲ್ಲಿ ಅಮೆರಿಕದ ಬೀಜವನ್ನು ಬಿತ್ತಿಸಿತು. ಆ ಹತ್ತಿಗೆ 'ಧಾರವಾಡ-ಅಮೆರಿಕನ್' ಎಂದೇ ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ನಿಂತುಹೋಗಿ, ನಮ್ಮ ಎರೆಭೂಮಿಯ ಅರಳೆಗೆ ಹಿಂದೆಂದೂ ಕಾಣದ ಬೆಲೆ ಬಂತು. ಚಕ್ಕಡಿಗಳು ಸಾಲುಗಟ್ಟಿ ಘಟ್ಟವಿಳಿದು ಕುಮಟೆ, ಕಾರವಾರಗಳ ಬಂದರಿಗೆ ಹೋದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಸಾಗಣೆಯ ವಿಚಾರವಿತ್ತು. ಅಲ್ಲೆಲ್ಲೋ ಗುಲಾಮಗಿರಿಯ ಪ್ರಶ್ನೆಗಾಗಿ ನಡೆದ ಯುದ್ಧ ಇಲ್ಲಿ ಎತ್ತಿನ ಬೆಲೆಯನ್ನು ಏರಿಸಿತು! ಚರಿತ್ರೆಯೆಂದರೆ ಇಂಥ ಎಳೆಗಳ ನೇಯ್ಗೆ.

ಯುದ್ಧ ಮುಗಿಯಿತು, ಬೆಲೆ ಇಳಿಯಿತು. ಏರುಗಾಲದಲ್ಲಿ ಮಾಡಿದ ಸಾಲ ಮಾತ್ರ ಇಳಿಯಲಿಲ್ಲ. 1876ರಿಂದ 1878ರವರೆಗೆ ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ಕರೆದ ಘೋರ ಕ್ಷಾಮ ಬಂತು. ಹಗೇವುಗಳು ಬರಿದಾದವು. ಹೊರಗಿನಿಂದ ಕಾಳು ತರಲು ಈ ಭಾಗದಲ್ಲಿ ರೈಲುಹಾದಿ ಇರಲಿಲ್ಲ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಹೆಚ್ಚುವ ಬದಲು ಕಡಿಮೆಯಾಯಿತು. ಅಜ್ಜಂದಿರ ಕಾಲವೇ ಚಲೋ ಇತ್ತೆನ್ನುವವರು ಈ ಸಂಗತಿಯನ್ನು ಒಮ್ಮೆ ನೆನೆಯಬೇಕು.

ಕ್ಷಾಮದ ಬಳಿಕ, 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆ ಬಂತು. ಹುಬ್ಬಳ್ಳಿ, ಗದಗ, ಬೆಳಗಾವಿಗಳು ಅದರಿಂದ ಬೆಳೆದವು. ನಮ್ಮ ನಾಲ್ಕು ಊರುಗಳು ರೈಲುಹಾದಿಯಿಂದ ದೂರವೇ ಉಳಿದವು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗುವ ಹೊಸ ಮಾರ್ಗಕ್ಕೆ ಮಂಜೂರಾತಿ ದೊರೆಯಲು 2020ರವರೆಗೆ ಕಾಯಬೇಕಾಯಿತು.

ಅದೇ 1880ರ ದಶಕದಲ್ಲಿ ಗೋಕಾಕದ ಜಲಪಾತದ ಬಳಿ ನೀರಿನ ಶಕ್ತಿಯಿಂದ ನಡೆಯುವ ನೂಲಿನ ಗಿರಣಿ ನಿಂತಿತು. ಇದರ ಫಲ ಎರಡು ಬಗೆಯದು. ಗಿರಣಿಯ ನೂಲು ಬಂದ ಮೇಲೆ ಮನೆಮನೆಯ ರಾಟೆ ಮೂಲೆ ಸೇರಿತು. ಹತ್ತಿ ಬಿಡಿಸಿ, ಹಿಂಜಿ, ನೂತು ನಾಲ್ಕು ಕಾಸು ಕಾಣುತ್ತಿದ್ದ ಹೆಣ್ಣುಮಕ್ಕಳ, ಅದರಲ್ಲೂ ವಿಧವೆಯರ ಆಸರೆ ಹೋಯಿತು. ಆದರೆ ಅದೇ ಅಗ್ಗದ ನೂಲಿನಿಂದ ಕೈಮಗ್ಗದ ನೇಕಾರ ಬದುಕಿದ. ರಾಮದುರ್ಗ, ಸುರೇಬಾನಗಳ ಮಗ್ಗಗಳು ಇಪ್ಪತ್ತನೆಯ ಶತಮಾನದಲ್ಲೂ ಸದ್ದು ಮಾಡುತ್ತಿದ್ದುದಕ್ಕೆ ಇದು ಮುಖ್ಯ ಕಾರಣ. ಯಂತ್ರವು ಒಬ್ಬರ ಅನ್ನವನ್ನು ಕಸಿದು ಇನ್ನೊಬ್ಬರಿಗೆ ಬಡಿಸಿತು. ಹಾಗೆ ಅನ್ನ ಕಳೆದುಕೊಂಡವರ ಲೆಕ್ಕವನ್ನು ಮಾತ್ರ ಯಾರೂ ಬರೆದಿಡಲಿಲ್ಲ. 1937ರಲ್ಲಿ ಗಾಂಧೀಜಿಯವರು ನಮ್ಮ ಜಿಲ್ಲೆಯ ಹುದಲಿಗೆ ಬಂದಾಗ ರಾಟೆಯ ವಿಚಾರಕ್ಕೆ ಜನ ಏಕೆ ಕಿವಿಗೊಟ್ಟರೆಂಬುದು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಸ್ವಾತಂತ್ರ್ಯದ ನಂತರದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಹುಡುಗನಾಗಿದ್ದಾಗ ರೇಶನ್ ಅಂಗಡಿಯ ಮುಂದೆ ಅಮೆರಿಕದ ಕೆಂಪು ಜೋಳಕ್ಕಾಗಿ ಸಾಲು ನಿಂತದ್ದುಂಟು. 1970ರ ದಶಕದಲ್ಲಿ ಶಿಕ್ಷಕನಾದಾಗ, ಬೆಳಗಿನ ಪ್ರಾರ್ಥನೆಯ ವೇಳೆ ತಲೆ ತಿರುಗಿ ಕುಸಿಯುವ ಹುಡುಗರಿರುತ್ತಿದ್ದರು. "ರಾತ್ರಿ ಏನು ಉಂಡಿಯೋ?" ಎಂದು ಕೇಳಿದರೆ ನೆಲ ನೋಡುತ್ತಿದ್ದರು. ಬಿಸಿಯೂಟ ಬಂದ ಬಳಿಕ ಆ ದೃಶ್ಯ ನಿಂತಿತು. ನನ್ನ ವೃತ್ತಿಜೀವನದಲ್ಲಿ ಕಂಡ ಅತ್ಯಂತ ದೊಡ್ಡ ಆರ್ಥಿಕ ಬದಲಾವಣೆ ಇದು.

ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಲ್ಲಿ 37.73 ಟಿ.ಎಂ.ಸಿ. ನೀರು ನಿಲ್ಲಬಹುದು. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಡಾ. ಬಿ. ಎಚ್. ಕಟರಕಿಯವರ 'ವರಲಕ್ಷ್ಮಿ' ಸಂಕರಣ ಹತ್ತಿಯೂ ಬಂತು. ನೀರು, ಬೀಜ ಎರಡೂ ಕೂಡಿದಾಗ ಹಂಚಿನ ಮನೆಗಳು ಎದ್ದವು, ಸೈಕಲ್ಲಿದ್ದಲ್ಲಿ ಮೋಟರ್ ಸೈಕಲ್ ಬಂತು. ಆದರೆ ಕೆಲವೇ ವರ್ಷಗಳಲ್ಲಿ ಬೆಲೆ ಬಿದ್ದಿತು. ಆಗಲೇ ಸರಕಾರ ನೀರಾವರಿಯ ಅಭಿವೃದ್ಧಿ ಕರವನ್ನು ಕೇಳಿತು. 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು, ರೈತರು ಸತ್ತರು. 1865ರ ನಂತರದ ಕಥೆಯೇ ಮತ್ತೊಮ್ಮೆ ನಡೆದಂತಾಯಿತು. ಬೆಲೆ ಏರಿದಾಗ ಸಾಲ, ಇಳಿದಾಗ ಅದೇ ಸಾಲದ ಹೊರೆ.

ಹಾಗಾದರೆ ಉತ್ತರವೇನು? ಹೊಟ್ಟೆ, ಬಟ್ಟೆ, ಆಯುಸ್ಸು ಈ ಮೂರರಲ್ಲಿ ನಾವು ಅಜ್ಜಂದಿರಿಗಿಂತ ನಿಸ್ಸಂದೇಹವಾಗಿ ಮೇಲು. ಸ್ವಾತಂತ್ರ್ಯ ಬಂದಾಗ ಭಾರತೀಯನ ಸರಾಸರಿ ಆಯುಸ್ಸು ಸುಮಾರು 32 ವರ್ಷ, ಈಗ 70ರ ಆಸುಪಾಸು. ದೇಶದ ಸಾಕ್ಷರತೆ 1951ರಲ್ಲಿ ಶೇ. 18, 2011ರಲ್ಲಿ ಶೇ. 74. ಆದರೆ ನಾಲ್ಕನೆಯ ಅಳತೆಗೋಲಾದ ಸಾಲದಲ್ಲಿ ನಾವು ಹೆಚ್ಚು ದೂರ ಬಂದಿಲ್ಲ. ಸಾಹುಕಾರನ ಜಾಗದಲ್ಲಿ ಬ್ಯಾಂಕು, ಸೊಸೈಟಿ, ಫೈನಾನ್ಸ್ ಕಂಪನಿಗಳು ಬಂದಿವೆ. ಹತ್ತಿಯ ಜಾಗವನ್ನು ಬಹುಮಟ್ಟಿಗೆ ಕಬ್ಬು ಹಿಡಿದಿದೆ. ಬೆಳೆದವನು ಬೆಲೆ ಕಟ್ಟಲಾರ ಎಂಬ ನಿಯಮ ಮಾತ್ರ ಬದಲಾಗಿಲ್ಲ. ಆದ್ದರಿಂದ ಹಳೆಯ ಕಾಲವನ್ನು ಹೊಗಳುವುದೂ ಸಲ್ಲದು, ಹೊಸ ಕಾಲ ಎಲ್ಲವನ್ನೂ ಸರಿಪಡಿಸಿತೆಂದು ಹೇಳುವುದೂ ಸಲ್ಲದು.

ಪುಣೆ, ಬೆಂಗಳೂರುಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರು ಊರಿನ ಹೊಲ ಮಾರುವ ವಿಚಾರದಲ್ಲಿದ್ದೀರೆಂದು ಬಲ್ಲೆ. ಅದು ನಿಮ್ಮ ಮನೆಯ ವಿಷಯ, ನಾನು ಬುದ್ಧಿ ಹೇಳಲಾರೆ. ಒಂದೇ ವಿನಂತಿ. ಅಟ್ಟದ ಮೇಲೆ ಅಜ್ಜನ ಕಿರ್ದಿ ಪುಸ್ತಕ, ಅಡತಿ ಅಂಗಡಿಯ ಪಟ್ಟಿ, ಕಂದಾಯದ ರಸೀದಿಗಳಿದ್ದರೆ ರದ್ದಿಗೆ ಹಾಕಬೇಡಿರಿ. ಯಾವ ವರ್ಷ ಎಷ್ಟು ಹತ್ತಿ ಮಾರಿದರು, ಎಷ್ಟು ಜೋಳ ಕೊಂಡರು, ಎಷ್ಟು ಬಡ್ಡಿ ಕಟ್ಟಿದರು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ನನಗೆ ಕಳಿಸಿರಿ. ನಮ್ಮ ಸೀಮೆಯ ಆರ್ಥಿಕ ಚರಿತ್ರೆ ಆ ಪುಟಗಳಲ್ಲಿದೆ.