ಆಟದ ರೈಲಿನ ಭಾಷೆ ಯಾರ ಸ್ವತ್ತು?

ಭಾಗ 1/5: ಒಂದೇ ಹಳಿ, ಎರಡು ಎಂಜಿನ್

ಮೊದಲ ಸ್ಲೈಡಲ್ಲಿರೋ ಪುಟ್ಟ ಬೋರ್ಡ್ ನೋಡಿ. ಹೆಬ್ಬೆರಳಿಗಿಂತ ಚಿಕ್ಕದು. ಮಾಡೆಲ್ ರೈಲಿನ ಹೊಟ್ಟೆಯೊಳಗೆ ಕೂರೋ ಸೌಂಡ್ ಡಿಕೋಡರ್ ಇದು. ಇವತ್ತಿಗೂ ಅಮೆರಿಕದಲ್ಲಿ ಒಂದಕ್ಕೆ 100 ಡಾಲರ್ ಆಸುಪಾಸು ಬೆಲೆ. ಕೆಲವು ಹಳೇ ಎಂಜಿನ್‌ಗಳಿಗಿಂತ ಒಳಗೆ ಹಾಕೋ ಈ ಬೋರ್ಡೇ ದುಬಾರಿ! ಯಾಕೆ ಅಂತ ಹುಡುಕ್ತಾ ಹೋದ್ರೆ 60 ವರ್ಷದ ಕಥೆ ಸಿಗುತ್ತೆ. ಕೊನೆಯಲ್ಲಿ ಕೋರ್ಟೂ ಬರುತ್ತೆ.

ಮೊದಲು ಹಳೇ ಪದ್ಧತಿ. ಹಳಿಗೆ 12 ವೋಲ್ಟ್ ಡಿಸಿ ಕರೆಂಟ್ ಕೊಡೋದು, ಚಕ್ರದ ಮೂಲಕ ಅದು ಮೋಟರ್‌ಗೆ ಹೋಗೋದು. ವೋಲ್ಟೇಜ್ ಏರಿಸಿದ್ರೆ ವೇಗ ಹೆಚ್ಚು, ಪ್ಲಸ್ ಮೈನಸ್ ಅದಲು ಬದಲು ಮಾಡಿದ್ರೆ ರೈಲು ಹಿಂದಕ್ಕೆ. ಸರಳ, ಅಗ್ಗ. ಆದರೆ ಅದೇ ಹಳಿ ಮೇಲೆ ಎರಡನೇ ಎಂಜಿನ್ ಇಟ್ರೆ ಅದೂ ಹೊರಟುಬಿಡುತ್ತೆ. ಹಳಿಗೆ ಯಾವ ಎಂಜಿನ್ ಯಾರದು ಅಂತ ಗೊತ್ತಿಲ್ಲವಲ್ಲ!

ಅದಕ್ಕೆ ಹಳಿಯನ್ನ ತುಂಡು ತುಂಡಾಗಿ ಬೇರ್ಪಡಿಸಿ, ಪ್ರತಿ ತುಂಡಿಗೂ ಒಂದು ಸ್ವಿಚ್ ಹಾಕ್ತಿದ್ರು. ರೈಲು ಮುಂದೆ ಹೋದ ಹಾಗೆ ಒಂದೊಂದೇ ಸ್ವಿಚ್ ತಿರುಗಿಸಬೇಕು. ದೊಡ್ಡ ಲೇಔಟ್ ಅಂದ್ರೆ ಮೇಜಿನ ಕೆಳಗೆ ತಂತಿಗಳ ಕಾಡು. ಅಂದರೆ ಆಗಲೂ ಖರ್ಚು ಇತ್ತು, ತಂತಿ ಮತ್ತು ಸ್ವಿಚ್‌ಗಳ ರೂಪದಲ್ಲಿ. ಜೊತೆಗೆ ವಾರಗಟ್ಟಲೆ ಬಗ್ಗಿ ಕೂತು ಬೆಸುಗೆ ಹಾಕೋ ಕೆಲಸ.

ಭಾಗ 2/5: ಪ್ರತಿ ಕಂಪನಿಗೂ ಒಂದು ಗುಟ್ಟಿನ ಭಾಷೆ

ಪರಿಹಾರದ ಯೋಚನೆ ಹಳೆಯದೇ. ಹಳಿಗೆ ಯಾವಾಗಲೂ ಪೂರ್ತಿ ಕರೆಂಟ್ ಕೊಟ್ಟು, ಆ ಕರೆಂಟ್ ಮೇಲೆ ಸಂದೇಶ ಕಳಿಸಿದರೆ? ಪ್ರತಿ ಎಂಜಿನ್ ತನಗೆ ಬಂದ ಸಂದೇಶಕ್ಕೆ ಮಾತ್ರ ಓಗೊಟ್ಟರೆ?

1960ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ‘ಆಸ್ಟ್ರಾಕ್’ ಅಂತ ಒಂದು ವ್ಯವಸ್ಥೆ ತಂತು. ಒಂದೇ ಹಳಿ ಮೇಲೆ ಐದು ರೈಲುಗಳನ್ನ ಬೇರೆ ಬೇರೆಯಾಗಿ ಓಡಿಸಬಹುದಿತ್ತು. ಹೆಚ್ಚು ಕಾಲ ಬಾಳಲಿಲ್ಲ. 1979ರ ಹೊತ್ತಿಗೆ ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ‘ಝೀರೋ 1’ ಬಂತು. ಮೈಕ್ರೊಪ್ರೊಸೆಸರ್ ಬಳಸಿ 16 ಎಂಜಿನ್‌ಗಳಿಗೆ ನಂಬರ್ ಕೊಡ್ತು. 1980ರ ದಶಕದ ಮಧ್ಯದಲ್ಲಿ ಜರ್ಮನಿಯ ಮಾರ್ಕ್ಲಿನ್ ತನ್ನ ಡಿಜಿಟಲ್ ವ್ಯವಸ್ಥೆ ತಂತು. ಅದರಲ್ಲಿ 80 ನಂಬರ್‌ಗಳು.

ಎಲ್ಲಾ ಚೆನ್ನಾಗೇ ಇತ್ತು, ಒಂದು ತೊಂದರೆ ಬಿಟ್ಟು. ಒಬ್ಬರ ಎಂಜಿನ್‌ಗೆ ಇನ್ನೊಬ್ಬರ ಭಾಷೆ ಅರ್ಥ ಆಗ್ತಿರಲಿಲ್ಲ. ಒಂದು ಕಂಪನಿಯ ಪೆಟ್ಟಿಗೆ ತಗೊಂಡ್ರೆ ಡಿಕೋಡರ್, ಕಂಟ್ರೋಲರ್ ಎಲ್ಲ ಅದೇ ಗೂಡಿನದ್ದು ಬೇಕು. ಆ ಕಂಪನಿ ತಯಾರಿಕೆ ನಿಲ್ಲಿಸಿದ್ರೆ? ನಿಮ್ಮ ದುಡ್ಡು ನೀರಲ್ಲಿ ಹೋಮ. ಪೆಟ್ಟಿಗೆ ಮೇಲೆ ಬರೆಯದ ಬೆಲೆ ಅಂದ್ರೆ ಇದು.

ಭಾಗ 3/5: ಎಲ್ಲರಿಗೂ ಒಂದೇ ವ್ಯಾಕರಣ

ಅಮೆರಿಕದಲ್ಲಿ ಎನ್‌ಎಂಆರ್‌ಎ ಅಂತ ಒಂದು ಹವ್ಯಾಸಿಗಳ ಸಂಘ ಇದೆ. 1935ರಲ್ಲಿ ಶುರುವಾಗಿದ್ದು. ಒಬ್ಬರ ಬೋಗಿ ಇನ್ನೊಬ್ಬರ ಹಳಿ ಮೇಲೆ ಓಡಲಿ ಅಂತ ಚಕ್ರ, ಹಳಿಗಳ ಅಳತೆ ನಿಗದಿ ಮಾಡಿದವರು ಇವರೇ. 1990ರ ದಶಕದ ಆರಂಭದಲ್ಲಿ ಅದೇ ಬುದ್ಧಿಯನ್ನ ಎಲೆಕ್ಟ್ರಾನಿಕ್ಸ್‌ಗೂ ತಂದ್ರು. ಇದ್ದ ವ್ಯವಸ್ಥೆಗಳನ್ನೆಲ್ಲ ಪರಿಶೀಲಿಸಿ, ಜರ್ಮನಿಯ ಲೆನ್ಜ್ ಕಂಪನಿಯ ಪದ್ಧತಿಯನ್ನ ಆಧಾರವಾಗಿ ಇಟ್ಕೊಂಡು ಡಿಸಿಸಿ ಅನ್ನೋ ಮಾನದಂಡ ಪ್ರಕಟಿಸಿದರು.

ಅದು ಕೆಲಸ ಮಾಡೋದು ಹೀಗೆ. ಹಳಿಯ ಕರೆಂಟ್ ಸತತವಾಗಿ ದಿಕ್ಕು ಬದಲಿಸ್ತಾ ಇರುತ್ತೆ. ಪ್ರತಿ ಅರ್ಧ 58 ಮೈಕ್ರೊಸೆಕೆಂಡ್ ಇದ್ರೆ ಅದು ‘1’. 100 ಮೈಕ್ರೊಸೆಕೆಂಡ್ ಅಥವಾ ಹೆಚ್ಚು ಇದ್ರೆ ‘0’. ಈ 1, 0ಗಳ ಸಾಲಲ್ಲಿ ಮೊದಲು ಎಂಜಿನ್‌ನ ನಂಬರ್, ಆಮೇಲೆ ಆಜ್ಞೆ, ಕೊನೆಗೆ ತಪ್ಪು ಪತ್ತೆ ಮಾಡೋ ಒಂದು ಬೈಟ್. ಕರೆಂಟ್ ಮತ್ತು ಮಾತು ಎರಡೂ ಒಂದೇ ಹಳಿಯಲ್ಲಿ!

ಮಾನದಂಡ ಬಹಿರಂಗವಾಗಿದ್ದರಿಂದ ಯಾರು ಬೇಕಾದ್ರೂ ಡಿಕೋಡರ್ ತಯಾರಿಸಬಹುದು. ಪೈಪೋಟಿ ಬಂತು, ಆಯ್ಕೆ ಹೆಚ್ಚಿತು. ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಪೆಟ್ಟಿಗೆ ಜೊತೆ ಮಾತಾಡೋಕೆ ಶುರು ಮಾಡ್ತು. ಆದರೆ ಪೂರ್ತಿ ಸ್ವಾತಂತ್ರ್ಯ ಸಿಗಲಿಲ್ಲ. ಕೈಯಲ್ಲಿ ಹಿಡಿಯೋ ಥ್ರಾಟಲ್‌ಗೂ ಮುಖ್ಯ ಪೆಟ್ಟಿಗೆಗೂ ನಡುವಿನ ಭಾಷೆ ಆಯಾ ಕಂಪನಿಯದ್ದೇ ಉಳೀತು.

ಭಾಗ 4/5: ಸದ್ದಿಗೆ ಯಾಕೆ ಅಷ್ಟು ದುಡ್ಡು?

1970ರ ದಶಕದಲ್ಲಿ ಸದ್ದು ಹುಟ್ಟುತ್ತಿದ್ದದ್ದು ಎಂಜಿನ್‌ನಲ್ಲಲ್ಲ, ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ. ಅಲ್ಲಿಂದ ಅದು ಹಳಿ ಮೂಲಕ ಎಂಜಿನ್‌ನ ಸ್ಪೀಕರ್‌ಗೆ ಹೋಗ್ತಿತ್ತು. 1990ರ ದಶಕದಲ್ಲಿ ಸೌಂಡ್‌ಟ್ರಾಕ್ಸ್, ಇಎಸ್‌ಯು ತರಹದ ಕಂಪನಿಗಳು ಸದ್ದನ್ನ ಡಿಕೋಡರ್ ಒಳಗೇ ತುಂಬಿದವು.

ಈಗ ಲೆಕ್ಕ ಹಾಕಿ. ನಿಜವಾದ ಎಂಜಿನ್ ಹುಡುಕಿ ಅದರ ಶಿಳ್ಳೆ, ಗಂಟೆ, ಬ್ರೇಕ್ ಎಲ್ಲಾ ರೆಕಾರ್ಡ್ ಮಾಡಬೇಕು. ಅದನ್ನ ಇಡೋಕೆ ಮೆಮೊರಿ ಬೇಕು, ಆಂಪ್ಲಿಫೈಯರ್ ಬೇಕು. ಕೊಳೆಯಾದ ಹಳಿ ಮೇಲೆ ಕರೆಂಟ್ ಕ್ಷಣಕಾಲ ತಪ್ಪಿದ್ರೂ ಸದ್ದು ನಿಲ್ಲದಿರೋಕೆ ಕೆಪಾಸಿಟರ್ ಬೇಕು. ಇದೆಲ್ಲ ಬೆರಳಷ್ಟು ಜಾಗದಲ್ಲಿ! ಮೊಬೈಲ್ ಫೋನ್ ಆಗಿದ್ರೆ ಈ ಶ್ರಮದ ಖರ್ಚು ಕೋಟಿಗಟ್ಟಲೆ ಜನಕ್ಕೆ ಹಂಚಿಹೋಗುತ್ತೆ. ಇಲ್ಲಿ ಕೊಳ್ಳೋರು ಕಡಿಮೆ. ಹಾಗಾಗಿ ಚಿಪ್ ಅಗ್ಗವಾದ್ರೂ ಬೋರ್ಡ್ ಅದೇ ವೇಗದಲ್ಲಿ ಅಗ್ಗ ಆಗಲ್ಲ.

ಇದು ಬರೀ ಶೋಕಿ ಅನ್ನಬೇಡಿ. ಗಾಯಕ ನೀಲ್ ಯಂಗ್ ಅವರ ಮಗನಿಗೆ ಸೆರೆಬ್ರಲ್ ಪಾಲ್ಸಿ. ಕೈಯಾಡಿಸೋದು ಕಷ್ಟವಾದ ಮಗನೂ ರೈಲು ಓಡಿಸಲಿ ಅಂತ ಯಂಗ್ ವಿಶೇಷ ನಿಯಂತ್ರಣ ಸಾಧನಗಳ ಮೇಲೆ ಕೆಲಸ ಮಾಡಿದರು. 1990ರ ದಶಕದಲ್ಲಿ ಲಯನೆಲ್ ಕಂಪನಿಯ ರಿಮೋಟ್ ವ್ಯವಸ್ಥೆ ರೂಪುಗೊಂಡಿದ್ದರಲ್ಲಿ ಅವರ ಪಾಲಿದೆ.

ಭಾಗ 5/5: 2 ಲಕ್ಷ ಡಾಲರ್ ಬಿಲ್

ಪ್ರತಿ ಡಿಕೋಡರ್‌ನಲ್ಲೂ ನೂರಾರು ಸೆಟ್ಟಿಂಗ್‌ಗಳು ಇರಬಹುದು, ಕಂಪನಿಯಿಂದ ಕಂಪನಿಗೆ ಬೇರೆ ಬೇರೆ. ಅವನ್ನ ಕಂಪ್ಯೂಟರಲ್ಲಿ ಸುಲಭವಾಗಿ ಬದಲಿಸೋಕೆ ‘ಜೆಎಂಆರ್‌ಐ’ ಅನ್ನೋ ಉಚಿತ, ಮುಕ್ತ ಸಾಫ್ಟ್‌ವೇರ್ ಇದೆ. ಬರ್ಕ್ಲಿಯ ಭೌತವಿಜ್ಞಾನಿ ರಾಬರ್ಟ್ ಜೇಕಬ್‌ಸನ್ ಮತ್ತು ಸ್ವಯಂಸೇವಕರು ಕಟ್ಟಿದ್ದು. ಒಂದೊಂದು ಡಿಕೋಡರ್‌ಗೂ ಒಂದೊಂದು ವಿವರದ ಫೈಲ್ ಬರೆದು ಸೇರಿಸಿದ್ದು ಈ ಹವ್ಯಾಸಿಗಳೇ.

2005ರಲ್ಲಿ ಜೇಕಬ್‌ಸನ್ ಅವರಿಗೆ ಒಂದು ಬಿಲ್ ಬಂತು. ರೈಲು ಸಾಫ್ಟ್‌ವೇರ್ ಮಾರುತ್ತಿದ್ದ ಮ್ಯಾಥ್ಯೂ ಕ್ಯಾಟ್ಜರ್ ಅವರ ಕಂಪನಿ, ನಮ್ಮ ಪೇಟೆಂಟ್ ಉಲ್ಲಂಘನೆ ಆಗಿದೆ ಅಂತ 2 ಲಕ್ಷ ಡಾಲರ್‌ಗೂ ಹೆಚ್ಚು ಕೇಳಿತು. ಹಂಚಿದ ಪ್ರತಿ ಪ್ರತಿಗೆ 29 ಡಾಲರ್ ಲೆಕ್ಕ. ಉಚಿತವಾಗಿ ಕೊಟ್ಟಿದ್ದಕ್ಕೆ!

2006ರಲ್ಲಿ ಜೇಕಬ್‌ಸನ್ ತಾವೇ ಕೋರ್ಟ್‌ಗೆ ಹೋದರು. ವಿಚಾರಣೆ ಮುಂದುವರಿದಂತೆ ಇನ್ನೊಂದು ಸಂಗತಿ ಮುಖ್ಯವಾಯ್ತು. ಜೆಎಂಆರ್‌ಐ ಫೈಲ್‌ಗಳನ್ನ ಕ್ಯಾಟ್ಜರ್ ಕಂಪನಿ ತನ್ನ ಸಾಫ್ಟ್‌ವೇರ್‌ನಲ್ಲಿ ಬಳಸಿಕೊಂಡಿತ್ತು. ಬರೆದವರ ಹೆಸರು ತೆಗೆಯಬಾರದು, ಮಾಡಿದ ಬದಲಾವಣೆ ತಿಳಿಸಬೇಕು ಅನ್ನೋ ಲೈಸೆನ್ಸ್ ಷರತ್ತುಗಳನ್ನ ಪಾಲಿಸಿರಲಿಲ್ಲ.

ಕೆಳ ಕೋರ್ಟ್, ಇದು ಹೆಚ್ಚೆಂದರೆ ಒಪ್ಪಂದ ಮುರಿದ ಹಾಗೆ, ಕಾಪಿರೈಟ್ ಉಲ್ಲಂಘನೆ ಅಲ್ಲ ಅಂತ ಹೇಳಿ ತಡೆಯಾಜ್ಞೆ ನಿರಾಕರಿಸಿತು. ವ್ಯತ್ಯಾಸ ಚಿಕ್ಕದಲ್ಲ. ಒಪ್ಪಂದ ಮುರಿದರೆ ಎಷ್ಟು ದುಡ್ಡು ನಷ್ಟ ಆಯ್ತು ಅಂತ ಕೇಳ್ತಾರೆ. ಉಚಿತ ವಸ್ತುವಿಗೆ ನಷ್ಟ ಎಷ್ಟು ಅಂತ ಹೇಳೋದು? 2008ರ ಆಗಸ್ಟ್ 13ರಂದು ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನ ರದ್ದು ಮಾಡಿತು. ದುಡ್ಡು ಕೇಳದೆ ಕೊಟ್ಟ ಕೋಡ್‌ಗೂ ಬೆಲೆ ಇದೆ, ಷರತ್ತು ಮೀರಿದರೆ ಕಾಪಿರೈಟ್ ಕಾನೂನು ಅನ್ವಯಿಸಬಹುದು ಅಂದಿತು. 2010ರಲ್ಲಿ ರಾಜಿ ಆಯ್ತು. ಕ್ಯಾಟ್ಜರ್ ಕಡೆಯವರು 1 ಲಕ್ಷ ಡಾಲರ್ ಕೊಡೋಕೆ ಒಪ್ಪಿದರು.

ಈ ತೀರ್ಪು ರೈಲಿಗಷ್ಟೇ ನಿಲ್ಲಲಿಲ್ಲ. ಮುಕ್ತ ಸಾಫ್ಟ್‌ವೇರ್ ಲೈಸೆನ್ಸ್‌ಗಳ ಮಾತು ಬಂದಾಗೆಲ್ಲ ವಕೀಲರು ಇವತ್ತಿಗೂ ಇದನ್ನ ಉಲ್ಲೇಖಿಸ್ತಾರೆ. ಇತ್ತ ಹವ್ಯಾಸಿಗಳು ಡಿಸಿಸಿ ಪೆಟ್ಟಿಗೆಯನ್ನೇ ಮನೇಲಿ ಮಾಡಿಕೊಳ್ತಿದ್ದಾರೆ. ನಮ್ಮ ಲ್ಯಾಬಲ್ಲಿ ಎಲ್‌ಇಡಿ ಮಿನುಗಿಸೋ ಅದೇ ಆರ್ಡುಯಿನೊ, ಜೊತೆಗೊಂದು ಮೋಟರ್ ಶೀಲ್ಡ್, ಮೇಲೆ ಉಚಿತ ಕೋಡ್. ಅಷ್ಟಿದ್ರೆ ಪುಟ್ಟ ಲೇಔಟ್ ಓಡುತ್ತೆ. ಸೌಂಡ್ ಬೋರ್ಡ್ ಮಾತ್ರ ಇನ್ನೂ ದುಬಾರಿಯೇ.

ಕ್ಲಾಸಿನವರಿಗೆ ಒಂದು ಮಾತು. ಈ ಸೆಮ್ ಪ್ರಾಜೆಕ್ಟ್ ಕೋಡ್ ಗಿಟ್‌ಹಬ್‌ಗೆ ಹಾಕೋವಾಗ ಲೈಸೆನ್ಸ್ ಫೈಲ್ ಮರೀಬೇಡಿ. ಬೇರೆಯವರ ಕೋಡ್ ತಗೊಂಡಿದ್ರೆ ಅವರ ಹೆಸರು ಅಳಿಸಬೇಡಿ. ನೀವು ಯಾವ ಲೈಸೆನ್ಸ್ ಹಾಕ್ತೀರಿ, ಯಾಕೆ? ಕಾಮೆಂಟಲ್ಲಿ ಬರೀರಿ.

#ಮಾಡೆಲ್‌ರೈಲು #ಡಿಸಿಸಿ #ತಂತ್ರಜ್ಞಾನದಇತಿಹಾಸ #ಮುಕ್ತತಂತ್ರಾಂಶ #ಕನ್ನಡದಲ್ಲಿವಿಜ್ಞಾನ