ಸಕ್ಕರೆ ರಫ್ತು ಸಹಾಯಧನವೂ ಕಾರ್ಖಾನೆಗಳ ಉತ್ಪಾದಕತೆಯೂ

ರಫ್ತಿಗೆ ಸಹಾಯಧನ ಸಿಕ್ಕರೆ ಉದ್ಯಮ ಹೊರಗಿನ ಪೈಪೋಟಿಗೆ ಒಗ್ಗಿಕೊಂಡು ದಕ್ಷವಾಗುತ್ತದೆ ಎಂಬ ವಾದವನ್ನು ಒರೆಗೆ ಹಚ್ಚಲು ಭಾರತದ ಸಕ್ಕರೆ ಉದ್ಯಮ ತಕ್ಕ ನಿದರ್ಶನ. 2019-20ರ ಹಂಗಾಮಿಗೆ ಕೇಂದ್ರ ಸರ್ಕಾರ 60 ಲಕ್ಷ ಟನ್ ಸಕ್ಕರೆಯ ರಫ್ತಿಗೆ ಟನ್ನಿಗೆ 10,448 ರೂಪಾಯಿಯಂತೆ ನೆರವು ಘೋಷಿಸಿತು. ಯಾವ ಕಾರ್ಖಾನೆಗೆ ಎಷ್ಟು ಕೋಟಾ ಎಂಬುದು ಅದು ಹಿಂದೆ ಉತ್ಪಾದಿಸಿದ ಪ್ರಮಾಣದ ಮೇಲೆ ನಿಂತಿತ್ತು. ಎಷ್ಟು ಕಡಿಮೆ ಖರ್ಚಿನಲ್ಲಿ ಉತ್ಪಾದಿಸಿತು ಎಂದು ಯಾರೂ ಕೇಳಲಿಲ್ಲ. ಉತ್ಪಾದಕತೆಯ ಮಟ್ಟಿಗೆ ಸಹಾಯಧನದ ಮೊತ್ತಕ್ಕಿಂತ ದಕ್ಷತೆಯ ಲಾಭ ಯಾರ ಕೈಸೇರುತ್ತದೆ ಎಂಬುದೇ ನಿರ್ಣಾಯಕ ಎನ್ನುವುದು ಈ ಲೇಖನದ ವಾದ.

ಲೆಕ್ಕವನ್ನು ಹತ್ತಿರದಿಂದ ನೋಡೋಣ. ಆ ಹಂಗಾಮಿನಲ್ಲಿ ಶೇ. 10ರ ಸಕ್ಕರೆ ಇಳುವರಿಗೆ ಎಫ್‌ಆರ್‌ಪಿ, ಅಂದರೆ ಕೇಂದ್ರ ನಿಗದಿಪಡಿಸುವ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಟನ್ ಕಬ್ಬಿಗೆ 2,750 ರೂಪಾಯಿ. ಟನ್ನಿನಿಂದ 100 ಕಿಲೊ ಸಕ್ಕರೆ ಬಂದರೆ ಕಿಲೊಗೆ ಕಬ್ಬಿನ ಖರ್ಚು 27.50 ರೂಪಾಯಿ. ಇಳುವರಿ ಶೇ. 11ಕ್ಕೆ ಏರಿದರೆ ಸಕ್ಕರೆ 110 ಕಿಲೊ, ಆದರೆ ಕಬ್ಬಿನ ದರವೂ 3,025ಕ್ಕೆ ಏರುತ್ತದೆ. ಕಿಲೊಗೆ ಮತ್ತದೇ 27.50. ಹೆಚ್ಚಿದ ಇಳುವರಿಯ ಫಲ ನ್ಯಾಯವಾಗಿಯೇ ಬೆಳೆಗಾರನಿಗೆ ಹೋಗುತ್ತದೆ, ಕಾರ್ಖಾನೆಗೆ ಉಳಿಯುವುದು ನುರಿಸುವ ಮತ್ತು ಸಾಗಿಸುವ ಖರ್ಚಿನಲ್ಲಿನ ಅಲ್ಪ ಉಳಿತಾಯ. ಅದೇ ರಫ್ತು ಕೋಟಾ ಇದ್ದರೆ ಕಿಲೊಗೆ ಹತ್ತು ರೂಪಾಯಿಗೂ ಮೀರಿ ದಕ್ಕುತ್ತಿತ್ತು. ಎಫ್‌ಆರ್‌ಪಿ ನಡೆಯುವ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಯೊಂದರ ಆಡಳಿತ ಮಂಡಳಿ ಇವೆರಡರಲ್ಲಿ ಯಾವುದರ ಬೆನ್ನು ಹತ್ತೀತು ಎಂದು ಊಹಿಸುವುದು ಕಷ್ಟವಲ್ಲ. ಉತ್ತರ ಪ್ರದೇಶದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ರಾಜ್ಯ ನಿಗದಿ ಮಾಡುವ ದರಕ್ಕೆ ಕಾರ್ಖಾನೆಯ ಇಳುವರಿಯೊಂದಿಗೆ ನಂಟಿಲ್ಲ, ಹೆಚ್ಚಿದ ಸಕ್ಕರೆಯೆಲ್ಲ ಕಾರ್ಖಾನೆಯದೇ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯ ಕರ್ನಾಲ್ ಕೇಂದ್ರ ರೂಪಿಸಿ, 2009ರಲ್ಲಿ ಬಿಡುಗಡೆಯಾದ ಕೋ 0238 ತಳಿಯನ್ನು ಕಾರ್ಖಾನೆಗಳೇ ಮುತುವರ್ಜಿಯಿಂದ ಹರಡಿದವು. ಒಂದು ದಶಕದೊಳಗೆ ಆ ರಾಜ್ಯದ ಇಳುವರಿ ಸುಮಾರು ಶೇ. 9ರಿಂದ ಶೇ. 11ನ್ನು ದಾಟಿತು. (ಒಂದೇ ತಳಿಯನ್ನು ನೆಚ್ಚಿದ್ದಕ್ಕೆ ಮುಂದೆ ಕೆಂಪು ಕೊಳೆ ರೋಗದ ಬೆಲೆ ತೆರಬೇಕಾಯಿತು, ಅದು ಬೇರೆ ಮಾತು.) ದೇಶದಲ್ಲಿ ಸಕ್ಕರೆ ಮಿಕ್ಕಿ ರಫ್ತು ನೆರವು ಬೇಕಾಗಲು ಈ ಏರಿಕೆಯೂ ಒಂದು ಕಾರಣ. ಅಂದರೆ ಇಲ್ಲಿ ಉತ್ಪಾದಕತೆ ಮೊದಲು ಬಂತು, ಸಹಾಯಧನ ಆಮೇಲೆ.

ದಕ್ಷಿಣ ಕೊರಿಯಾವನ್ನು ಮುಂದಿಟ್ಟು ಆಕ್ಷೇಪಿಸುವವರಿದ್ದಾರೆ. ಪಾರ್ಕ್ ಚುಂಗ್ ಹೀ ಆಳ್ವಿಕೆಯಲ್ಲಿ ಅಗ್ಗದ ಸಾಲ ರಫ್ತಿನ ಸಾಧನೆಗೆ ಅಂಟಿಕೊಂಡಿತ್ತು, ಗುರಿ ಪರಿಶೀಲಿಸುವ ಮಾಸಿಕ ಸಭೆಗಳಲ್ಲಿ ಅಧ್ಯಕ್ಷರೇ ಕೂರುತ್ತಿದ್ದರು. ಅಲ್ಲಿ ಹಿಂದುಳಿದವನಿಗೆ ನೆರವು ಕಳೆದುಕೊಳ್ಳುವ ಭಯವಿತ್ತು. ನಮ್ಮಲ್ಲೂ ಬಳಸದ ಕೋಟಾವನ್ನು ಬೇರೆಯವರಿಗೆ ಹಂಚಿದ್ದುಂಟು, ಆದರೆ ಆ ಶಿಸ್ತು ಸಾಗಣೆಗೆ ಸಂಬಂಧಿಸಿದ್ದೇ ಹೊರತು ಉತ್ಪಾದನಾ ವೆಚ್ಚಕ್ಕಲ್ಲ. ರೈತರ ಬಾಕಿ ತೀರಿಸಲು ನೆರವು ಬೇಕಿತ್ತು ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 2020-21ರಲ್ಲಿ ಟನ್ನಿಗೆ 6,000 ರೂಪಾಯಿಯ ನೆರವನ್ನು ಬಾಕಿಯ ಬಾಬ್ತು ರೈತರ ಖಾತೆಗೇ ಜಮಾ ಮಾಡುವ ತೀರ್ಮಾನವಾಯಿತು. ಬಾಕಿ ಪರಿಹಾರವೆಂದು ಅದನ್ನು ಸಮರ್ಥಿಸಬಹುದು, ಉದ್ಯಮವನ್ನು ಚುರುಕುಗೊಳಿಸುವ ನೀತಿಯೆಂದಲ್ಲ. ಸಹಾಯಧನದಿಂದಾಗಿ ಕಾರ್ಖಾನೆಗಳು ಕಚ್ಚಾ ಸಕ್ಕರೆ ತಯಾರಿಸಿ ಹೊರದೇಶದ ಸಂಸ್ಕರಣಾಗಾರಗಳಿಗೆ ಮಾರುವುದನ್ನು ರೂಢಿಸಿಕೊಂಡವು ಎಂಬುದನ್ನು ಒಪ್ಪಬೇಕು. ಆದರೆ 2021-22ರಲ್ಲಿ ಸಹಾಯಧನವೇ ಇಲ್ಲದೆ 100 ಲಕ್ಷ ಟನ್ನಿಗೂ ಹೆಚ್ಚು ಸಕ್ಕರೆ ಹೊರಹೋಗಿದ್ದನ್ನು ಆ ಕಲಿಕೆಯ ಫಲವೆಂದು ಎಣಿಸುವುದು ಅವಸರವಾದೀತು: ಬ್ರೆಜಿಲಿನಲ್ಲಿ ಬರ ಮತ್ತು ಹಿಮದಿಂದ ಬೆಳೆ ಕುಗ್ಗಿ ಜಾಗತಿಕ ದರ ಏರಿತ್ತು, ಆ ದರದಲ್ಲಿ ದಕ್ಷವಲ್ಲದ ಕಾರ್ಖಾನೆಗೂ ರಫ್ತು ಗಿಟ್ಟುತ್ತಿತ್ತು.